ಕೋಡಿ ಕಲಿಸಿದ ಮಾತುಗಳು

ಕೆನಡಾ
24-10-2004

ಪ್ರೀತಿಯ ಮಂಗಳಕ್ಕ,

ಫೋನಿನಲ್ಲಿ "ಚೆನ್ನಾಗಿದೀನಿ, ನೀವೆಲ್ಲಾ ಚೆನ್ನಾಗಿದೀರಾ" ಅನ್ನುವಷ್ಟರಲ್ಲಿ ಕಾರ್ಡು ಮುಗಿದುಹೋಗುತ್ತದೆ. ಯೋಗಿತಾ ಅಂತೂ ರಿಸೀವರ್ ಕಿವಿಗಿಟ್ಟುಕೊಂಡು ಉಸಿರಾಡುತ್ತಾಳೆ, ಮಾತೇ ಇಲ್ಲ. ವಾರವಿಡೀ ಆ ಉಸಿರಿಗೇ ಕಾಯುತ್ತೇನೆ, ಅದು ಬೇರೆ ಮಾತು. ಹೇಳಬೇಕಾದ್ದನ್ನು ಇನ್ನು ಮೇಲೆ ಬರೆದೇ ಹೇಳುತ್ತೇನೆ.

ಇದು ಬೆಟ್ಟದ ಮಗ್ಗುಲಿನ ಸಣ್ಣ ಊರು. ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಜನ ಹಿಮದ ಮೇಲೆ ಜಾರಲು ಬರುತ್ತಾರಂತೆ. ನಾನಿರುವ ಮನೆಯ ಯಜಮಾನಿ ಲಿಂಡಾ. ಗಂಡ ಬಿಟ್ಟುಹೋಗಿದ್ದಾನೆ. ಒಬ್ಬನೇ ಮಗ, ಹತ್ತೊಂಬತ್ತು ವರ್ಷ. ಅವನನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಅವನ ಹೆಸರು ಕೋಡಿ. ನಗಬೇಡ, ಇಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರೇ ಅದು. ಹೋದ ವರ್ಷ ಹಿಮದಲ್ಲಿ ಲಾಗ ಹಾಕಲು ಹೋಗಿ ಕತ್ತಿನ ಕೆಳಗೆ ಮೂಳೆ ಮುರಿದುಕೊಂಡ. ಎದೆಯಿಂದ ಕೆಳಗೆ ಸ್ಪರ್ಶವಿಲ್ಲ, ಕೈಬೆರಳು ಪೂರ್ತಿ ಮಡಚುವುದಿಲ್ಲ. ಎಬ್ಬಿಸುವುದು, ಮೈ ಒರೆಸುವುದು, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಗಾಲಿಕುರ್ಚಿಗೆ ಕೂರಿಸುವುದು. ಇದೆಲ್ಲ ತಿಪಟೂರಿನ ಆಸ್ಪತ್ರೆಯಲ್ಲಿ ಮಾಡಿದ್ದೇ. ಹೊಸದೇನಲ್ಲ.

ಹೊಸದು ಅವನ ಮಾತು. ನನ್ನ ಇಂಗ್ಲಿಷು ಲಿಂಡಾಗೆ ಸಾಕು, ಅವನಿಗೆ ಸಾಲದು. ಮೊದಲ ವಾರ ಊಟದ ತಟ್ಟೆ ಇಟ್ಟ ಕೂಡಲೇ "ಸಿಕ್" ಎಂದ. ನಾನು ವಾಂತಿ ಬರುತ್ತಿದೆ ಎಂದುಕೊಂಡು ಬೇಸಿನ್ ತಂದು ಗಲ್ಲದ ಕೆಳಗೆ ಹಿಡಿದೆ. ಅವನು ಬೇಸಿನ್ನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನಗತೊಡಗಿದ. ಆ ಹುಡುಗರ ಭಾಷೆಯಲ್ಲಿ ಸಿಕ್ ಅಂದರೆ ಬಲು ಚೆನ್ನಾಗಿದೆ ಎಂದಂತೆ! ಅವನು ನಕ್ಕದ್ದು ಕೇಳಿ ಲಿಂಡಾ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಎಷ್ಟು ಕಾಲವಾಗಿತ್ತೋ ಏನೋ.

ಎರಡು ವರ್ಷ ಈ ಮನೆಯಲ್ಲೇ ಇದ್ದು ಕೆಲಸ ಮಾಡಿದರೆ ಆಮೇಲೆ ಯೋಗಿತಾಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಪರ್ಮಿಟ್ಟು ಈ ಮನೆಗೆ ಮಾತ್ರ. ಬಿಟ್ಟು ಬೇರೆ ಕಡೆ ಹೋದರೆ ಹೊಸ ಪರ್ಮಿಟ್ಟಿಗೆ ಕಾಯಬೇಕು, ಕಾಯುವ ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ಬಸವರಾಜು ತೀರಿಕೊಂಡ ಮೇಲೆ ನಾನೂ ಮಗಳೂ ಎಷ್ಟು ದಿನ ಅಂತ ಭಾವನ ಮನೆಯಲ್ಲಿ ಉಣ್ಣುವುದು? ನೀನು ಬೈಯುತ್ತೀಯ, ಗೊತ್ತು.

ನಿನ್ನ
ಧನು

*

ಹೊನ್ನವಳ್ಳಿ
18-11-2004

ಧನುಗೆ,

ಕಾಗದ ತಲುಪಿತು. ಕೋಡಿ ಅನ್ನುವ ಹೆಸರು ಕೇಳಿ ನಿಮ್ಮ ಭಾವ ಬಿದ್ದೂ ಬಿದ್ದೂ ನಕ್ಕರು. "ಬೋರನಕಣಿವೆ ಕೋಡಿ ಬಿದ್ದಿದ್ದು ಯಾವ್ ಕಾಲ್ದಾಗೋ, ಇಲ್ನೋಡು, ಕೆನಡಾದಾಗೆ ಕೋಡಿ ಬಿದ್ಬುಟ್ಟದೆ" ಅಂದರು. ಆಮೇಲೆ ಹುಡುಗನ ಸ್ಥಿತಿ ಓದಿ ಹೇಳಿದಾಗ ಎದ್ದು ಕೊಟ್ಟಿಗೆ ಕಡೆ ಹೋದರು. ಅವರು ಹಾಗೇ.

ಯೋಗಿತಾ ಚೆನ್ನಾಗಿದ್ದಾಳೆ. ಊಟ ಸೇರುತ್ತದೆ. ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ, ಕಾಲು ನನ್ನ ಹೊಟ್ಟೆ ಮೇಲೆ ಹಾಕಿಕೊಂಡು. ಬೇಸಿನ್ ಹಿಡಿದ ಕಥೆಯನ್ನು ನನ್ನಿಂದ ಎಷ್ಟು ಸಲ ಓದಿಸಿಕೊಂಡಳೋ. ಈಗ ಸಾರು ಬಡಿಸಿದರೆ "ಸಿಕ್" ಅನ್ನುತ್ತಾಳೆ. ಇನ್ನಷ್ಟು ಮಾತು ಕಳಿಸಬೇಕಂತೆ.

ಒಂದು ಮಾತು. ಶಾಲೆ ಇರುವ ದಿನ ಫೋನ್ ಮಾಡಬೇಡ. ನಿನ್ನ ದನಿ ಕೇಳಿದ ಮೇಲೆ ಅವಳು ಮಂಕಾಗುತ್ತಾಳೆ, ಊಟ ಬಿಡುತ್ತಾಳೆ. ಭಾನುವಾರ ಮಾಡು. ಅದೂ ಪ್ರತಿ ಭಾನುವಾರ ಯಾಕೆ, ತಿಂಗಳಿಗೊಂದು ಸಲ ಸಾಕು.

ಭಾವನ ಮನೆಯಲ್ಲಿ ಉಣ್ಣುವುದು ಅಂತ ಬರೆದಿದ್ದೀಯ. ಇದು ನನ್ನ ಮನೆಯೂ ಹೌದು.

ಇಂತಿ,
ಸರ್ವಮಂಗಳ

*

ಕೆನಡಾ
12-12-2004

ಅಕ್ಕಾ,

ಒಳಗೆ ಯೋಗಿತಾಳಿಗೆ ಬೇರೆ ಹಾಳೆ ಇಟ್ಟಿದ್ದೇನೆ. ಅದನ್ನು ಅವಳೇ ಓದಿಕೊಳ್ಳಲಿ. ಇದು ನಿನಗೆ.

ಇಲ್ಲೀಗ ಕಣ್ಣು ಹಾಯಿಸಿದ ಕಡೆಯೆಲ್ಲ ಬಿಳುಪು. ಈ ಮನೆ ಇಳಿಜಾರಿನಲ್ಲಿದೆ, ಬಾಗಿಲಿಂದ ರಸ್ತೆಗೆ ಉದ್ದದ ಮರದ ಮೆಟ್ಟಿಲು. ಗಾಲಿಕುರ್ಚಿ ಇಳಿಯಲು ಇಳಿಜಾರು ಹಲಗೆ ಹಾಕಿಸಿಲ್ಲ. ಕೇಳಿದರೆ ಲಿಂಡಾ "ಹಿಮ ಕರಗಲಿ" ಅನ್ನುತ್ತಾಳೆ. ಹೋದ ಬೇಸಿಗೆಯಲ್ಲಿ ಏನು ಹೇಳಿದ್ದಳೋ. ಆಸ್ಪತ್ರೆಯಿಂದ ಬಂದವನು ಡಾಕ್ಟರ ಹತ್ತಿರ ಬಿಟ್ಟು ಬೇರೆಲ್ಲಿಗೂ ಇಳಿದಿಲ್ಲ. ಕಿಟಕಿಯಲ್ಲಿ ಎದುರು ಬೆಟ್ಟ ಕಾಣುತ್ತದೆ, ಆ ಬೆಟ್ಟದಲ್ಲೇ ಅವನು ಬಿದ್ದದ್ದು. ಲಿಂಡಾ ಪರದೆ ಎಳೆಯುತ್ತಾಳೆ, ಅವಳು ಕೆಲಸಕ್ಕೆ ಹೋದ ಮೇಲೆ ನಾನು ಸರಿಸುತ್ತೇನೆ.

ಅವನ ಸ್ನೇಹಿತರು ಬರಕೂಡದು, ಆ ಭಾಷೆ ಮನೆಯಲ್ಲಿ ಆಡಕೂಡದು ಎಂದು ಅವಳ ಕಟ್ಟಪ್ಪಣೆ. ಆದರೆ ಅವನಿಗೆ ಬೇರೆ ಭಾಷೆಯೇ ಇಲ್ಲ ಅಕ್ಕ. ಕಾಲು ಸೆಟೆದುಕೊಂಡು ನಡುಗತೊಡಗಿದರೆ "ಸ್ಕೆಚಿ" ಅನ್ನುತ್ತಾನೆ. ನೆಲೆ ಸರಿಯಿಲ್ಲ, ಹುಷಾರು ಎಂದರ್ಥ. ನಾನು ಹೋಗಿ ಕಾಲು ಹಿಡಿಯುತ್ತೇನೆ. ಅದು ಗೊತ್ತಿಲ್ಲದಿದ್ದರೆ ಹೇಗೆ ಶುಶ್ರೂಷೆ ಮಾಡಲಿ?

ಬಿದ್ದದ್ದು ಹೇಗೆಂದು ಮೊನ್ನೆ ತಾನಾಗಿ ಹೇಳಿದ. ಹಿಮದ ದಿಬ್ಬದಿಂದ ಹಾರಿ ಆಚೆಯ ಇಳಿಜಾರಿನಲ್ಲಿ ಇಳಿಯಬೇಕು. ಇಳಿಜಾರು ಶುರುವಾಗುವ ಅಂಚಿಗೆ ನಕಲ್ ಅನ್ನುತ್ತಾರೆ, ಬೆರಳ ಗೆಣ್ಣಿನ ಹಾಗೆ ಉಬ್ಬಿರುತ್ತದೆ, ಕಲ್ಲಿನಂತೆ ಗಟ್ಟಿ. ವೇಗ ಸಾಲದು ಎಂದು ಗಾಳಿಯಲ್ಲಿದ್ದಾಗಲೇ ಅವನಿಗೆ ಗೊತ್ತಾಯಿತಂತೆ. ಬೇಲ್ ಮಾಡಬಹುದಿತ್ತು. ಬೇಲ್ ಅಂದರೆ ನಾವು ಜೈಲಿನಿಂದ ಬಿಡಿಸಿಕೊಳ್ಳುವುದು ಅಂತೀವಿ. ಅವರಿಗೆ ಹಾಕಹೊರಟ ಲಾಗವನ್ನು ಅರ್ಧಕ್ಕೇ ಕೈಬಿಟ್ಟು, ಮುದುರಿಕೊಂಡು ಬೀಳುವುದು. "ಯಾಕೆ ಮಾಡಲಿಲ್ಲ?" ಎಂದೆ. "ಎಲ್ಲರೂ ನೋಡ್ತಿದ್ದರು" ಎಂದ.

ಇನ್ನೊಂದು ಹೇಳಿದ. ಸಂಜೆ ಮನೆಗೆ ಹೊರಡುವಾಗ ಅವರಲ್ಲಿ ಯಾರೂ "ಇದು ಕೊನೆಯದು" ಅನ್ನುವುದಿಲ್ಲವಂತೆ. ಅಂದರೆ ಅದೇ ಸುತ್ತಿನಲ್ಲಿ ಬೀಳುತ್ತಾರಂತೆ. "ಇನ್ನೆರಡು ಸಲ, ಕೊನೆಯದು ಬೇಡ" ಅನ್ನುತ್ತಾರೆ. ನಾವು ಹೊರಡುವಾಗ ಹೋಗ್ತೀನಿ ಅನ್ನದೆ ಬತ್ತೀನಿ ಅನ್ನುತ್ತೇವೆ ಎಂದು ನಾನೂ ಹೇಳಿದೆ. ಹೇಳಿದ ಮೇಲೆ ಯೋಚನೆ ಹತ್ತಿತು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಯೋಗಿತಾಳಿಗೆ ನಾನು ಏನಂದೆ? ನೆನಪಿಗೇ ಬರುತ್ತಿಲ್ಲ. ನಿನಗೆ ನೆನಪಿದ್ದರೆ ಬರೆ.

ಧನು

(ಯೋಗಿತಾಳ ಹಾಳೆ)

ನನ್ನ ಪುಟ್ಟೀ,

ಕೋಡಿ ಅಣ್ಣನ ಮಾತು ಬೇಕು ಅಂದೆಯಂತೆ. ಬರೆದುಕೋ. ಪಾರ್ಕು ಅಂದರೆ ಹೂವಿನ ಗಿಡ, ಕಲ್ಲುಬೆಂಚು ಇರುವ ಜಾಗವಲ್ಲ. ಹಿಮದ ದಿಬ್ಬ, ಕಬ್ಬಿಣದ ಕಂಬಿ ಇಟ್ಟಿರುವ ಇಳಿಜಾರು. ಜಾರಲು ಹೊರಟವರು ಮೊದಲು "ಡ್ರಾಪಿಂಗ್!" ಎಂದು ಕೂಗಬೇಕು, ಕೆಳಗಿದ್ದವರು ಸರಿಯಬೇಕು. ಸರಿಯದೆ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಲ್ಲುವವರು ಗೇಪರ್. ನಿನ್ನಮ್ಮನಿಗೆ ಅವನು ಇಟ್ಟಿರುವ ಹೆಸರು ಅದೇ! ಬೆನ್ನು ಮುಂದೆ ಮಾಡಿ ಜಾರಿದರೆ ಸ್ವಿಚ್. ಹಾರಿ ಬಂದು ಎರಡೂ ಕಾಲೂರಿ ಅಲುಗದೆ ನಿಂತರೆ ಸ್ಟಾಂಪ್, ಪೋಸ್ಟಾಫೀಸಿನಲ್ಲಿ ಠಸ್ಸೆ ಹೊಡೆದ ಹಾಗೆ. ಬಿದ್ದು ಟೋಪಿ ಒಂದು ಕಡೆ, ಕೈಗವಸು ಒಂದು ಕಡೆ ಆದರೆ ಯಾರ್ಡ್ ಸೇಲ್. ಇಲ್ಲಿಯವರು ಮನೆ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಾರೆ, ಅದರ ಹೆಸರು. ಭಯವಾದರೆ ಬೇಲ್: ಅರ್ಧಕ್ಕೇ ಬಿಟ್ಟು, ಮುದುರಿಕೊಂಡು ಪಕ್ಕಕ್ಕೆ ಬೀಳುವುದು. ಅದು ಸೋಲಲ್ಲ ಅಂತೆ.

ಸಾವಿರ ಮುತ್ತು.
ಅಮ್ಮ

*

ಹೊನ್ನವಳ್ಳಿ
16-1-2005

ಅಮ್ಮನಿಗೆ ಯೋಗಿತಾ ಮಾಡುವ ನಮಸ್ಕಾರ.

ನಾನು ಚೆನ್ನಾಗಿದೀನಿ. ಸಂಕ್ರಾಂತಿ ದಿನ ಹಸಿರು ಲಂಗ ಹಾಕ್ಕೊಂಡು ಎಳ್ಳು ಬೀರಿದೆ. ದೊಡ್ಡಪ್ಪ ಹಸೂನ ಕಿಚ್ಚು ಹಾಯಿಸಿದರು. ಕೆಂದ ಹಸು ಹೆದರಿಕೊಂಡು ಸ್ವಿಚ್ ಹೋಯ್ತು.

ನಾನು, ಮೈಲಾರಿ, ಸ್ಪಂದನ ಸೇರಿಕೊಂಡು ಕೆರೆ ಏರಿ ಮೇಲೆ ಪಾರ್ಕು ಮಾಡಿದೀವಿ. ತೆಂಗಿನ ಮಟ್ಟೆ ಮೇಲೆ ಕೂತು ಜಾರುತ್ತೀವಿ. ನಾನು ಡ್ರಾಪಿಂಗ್ ಅಂತ ಕೂಗಿದರೆ ಕೆಳಗಿರೋ ಮೇಕೆ ಕೂಡ ಓಡುತ್ತವೆ. ಮೈಲಾರಿ ದಿನಾ ಯಾರ್ಡ್ ಸೇಲ್ ಆಗುತ್ತಾನೆ. ಅವನ ಚಡ್ಡಿ ಹರಿದಿದೆ. ನಾನು ಎರಡು ಸಲ ಸ್ಟಾಂಪ್ ಮಾಡಿದೆ.

ಅಮ್ಮ ಏರಿ ಹತ್ತಿರ ಹೋಗಬೇಡ ಅಂದಳು. ಅಮ್ಮಂಗೆ ಗೊತ್ತಾಗದ ಹಾಗೆ ಹೋಗ್ತೀವಿ. ನೀನು ಅಮ್ಮಂಗೆ ಹೇಳಬೇಡ. ಇದನ್ನ ದೊಡ್ಡಪ್ಪ ಪೋಸ್ಟ್ ಮಾಡ್ತಾರೆ.

ಕೋಡಿ ಅಣ್ಣಂಗೆ ನಾನು ಕೇಳಿದೆ ಅಂತ ಹೇಳು. ಅವರಿಗೆ ಕಾಲು ಯಾವಾಗ ಸರಿಹೋಗುತ್ತೆ?

ಇತಿ ನಿನ್ನ ಮಗಳು
ಬಿ. ಯೋಗಿತಾ, ಮೂರನೇ ತರಗತಿ

*

ಹೊನ್ನವಳ್ಳಿ
9-2-2005

ಧನು,

ಮಗು ಎಡಗೈ ಮುರಿದುಕೊಂಡಿದೆ. ಗಾಬರಿಯಾಗಬೇಡ, ತಿಪಟೂರಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದ್ದೇವೆ. ಈಗ ಮಲಗಿದ್ದಾಳೆ.

ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಚಿಕ್ಕಗಂಗಮ್ಮನ ಮಗ ಮೈಲಾರಿ ಓಡಿಬಂದು, "ದೊಡ್ಡಮ್ಮಾ, ಯೋಗಿ ಯಾಡ್ಸೇಲ್ ಆಗ್ಬುಟ್ಲು" ಅಂದ. ನನಗೇನು ಅರ್ಥವಾಗಬೇಕು? "ಏನ್ಲಾ ಅದು, ಏನ್ ಸೇಲು?" ಅಂತ ಕೇಳುತ್ತಾ ಕೈಯಲ್ಲಿ ಸೋಪುಬುರುಗು ಹಿಡಿದು ನಿಂತೇ ಇದ್ದೆ. ಅವನೂ ಅದನ್ನೇ ಮತ್ತೆ ಮತ್ತೆ ಅನ್ನುತ್ತಾನೆ, ಅಳುತ್ತಾನೆ. ಕೊನೆಗೆ ನನ್ನ ಸೆರಗು ಹಿಡಿದು ಎಳೆದ. ಅಲ್ಲಿ ಏರಿಯ ಬುಡದಲ್ಲಿ ಕಲ್ಲಿನ ಮೇಲೆ ಬಿದ್ದಿದ್ದಳು. ಬಿದ್ದಳು ಅನ್ನುವುದಕ್ಕೂ ಒಂದು ಕನ್ನಡ ಮಾತು ಇಲ್ಲದ ಹಾಗೆ ಮಾಡಿಟ್ಟಿದ್ದೀಯಲ್ಲೇ ಮಕ್ಕಳ ಬಾಯಲ್ಲಿ!

ಇನ್ನು ಆ ಮಾತು ಕಳಿಸಬೇಡ. ಕಳಿಸಿದರೆ ನಾನು ಅವಳ ಕೈಗೆ ಕೊಡುವುದಿಲ್ಲ. ಗೇಟಿಗೆ ಬೀಗ ಹಾಕಿದ್ದೇನೆ. ಶಾಲೆಗೆ ನಿಮ್ಮ ಭಾವ ಬಿಟ್ಟು ಬರುತ್ತಾರೆ, ಅವರೇ ಕರೆತರುತ್ತಾರೆ. ಮಕ್ಕಳು ಬಂದು ಗೇಟು ಅಲ್ಲಾಡಿಸುತ್ತಾರೆ, ನಾನು ಗದರಿಸಿ ಕಳಿಸುತ್ತೇನೆ.

ಬಸ್ ಸ್ಟ್ಯಾಂಡಿನಲ್ಲಿ ಏನಂದೆ ಅಂತ ಕೇಳಿದ್ದೆ. ನೀನು ಹೋಗ್ತೀನಿ ಅಂದೆ. ನಾಲಿಗೆ ತಪ್ಪಿ ಅಂದಿರಬಹುದು. ಆದರೆ ನಾನೂ ಕೇಳಿದೆ, ಅವಳೂ ಕೇಳಿದಳು.

ಇನ್ನೂ ಒಂದು. ಅವಳು ನನ್ನನ್ನು ಈಗ ಅಮ್ಮ ಅನ್ನುತ್ತಾಳೆ. ಮೊದಲು ದೊಡ್ಡಮ್ಮ ಅನ್ನುತ್ತಿದ್ದಳು, ಯಾವಾಗಲೋ ಮುಂದಿದ್ದ "ದೊಡ್ಡ" ಬಿದ್ದುಹೋಯಿತು. ನಾನು ತಿದ್ದಲಿಲ್ಲ. ನಿಮ್ಮ ಭಾವ ತಿದ್ದು ಅಂದರು, ಆಗಲೂ ತಿದ್ದಲಿಲ್ಲ. ಆ ಪರದೇಶಕ್ಕೆ ಕರೆಸಿಕೊಂಡು ಏನು ಮಾಡುತ್ತೀಯ? ಇಲ್ಲೇ ಇರಲಿ ಬುಡು. ಯೋಚನೆ ಮಾಡಿ ಬರೆ.

ಸರ್ವಮಂಗಳ

*

ಕೆನಡಾ
2-3-2005

ಅಕ್ಕಾ,

ನಿನ್ನ ಕಾಗದ ಓದಿದ ತಕ್ಷಣ ಫೋನ್ ಮಾಡಿದ್ದು ನಿನಗೆ ಗೊತ್ತು. ಎತ್ತಿದವರು ಭಾವ. ನೀನು ಫೋನಿಗೆ ಬರಲಿಲ್ಲ. ಮೊದಲ ಸಲ ಯೋಗಿತಾ ಮಾತಾಡಿದಳು. "ಅಮ್ಮಾ, ಕಲ್ಲು ಎದ್ರಿಗೆ ಬಂತು, ನಾನು ಬೇಲ್ ಮಾಡ್ಬುಟ್ಟೆ. ಪಕ್ಕಕ್ಕೆ ಬಿದ್ದೆ. ಅದುಕ್ಕೇ ಕೈ ಮಾತ್ರ" ಅಂದಳು. ನಾನು ನರ್ಸು. ನೇರ ತಲೆ ಬಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ದಿನಾ ಬೆಳಿಗ್ಗೆ ಎಬ್ಬಿಸಿ ಕೂರಿಸುತ್ತೇನೆ. ನನ್ನ ಮಾತು ಅವಳ ಕೈ ಮುರಿಯಿತು ಅನ್ನುತ್ತೀಯ. ಇರಬಹುದು. ಕತ್ತು ಉಳಿಸಿದ್ದೂ ಅದೇ ಮಾತು.

ಏರಿಯ ಮೇಲೆ ಆಡುತ್ತಾರೆಂದು ಅವಳು ನನಗೆ ಬರೆದಿದ್ದಳು. ನಾನು ಓದಿ ನಕ್ಕೆ, ಕೋಡಿಗೂ ಓದಿ ಹೇಳಿದೆ. ಅವನು ಆ ದಿನವೆಲ್ಲ ಹೊನ್ನವಳ್ಳಿಯ ಪಾರ್ಕಿನ ವಿಷಯವೇ ಕೇಳಿದ. ನಿನಗೆ ತಿಳಿಸದೆ ಇದ್ದದ್ದು ತಪ್ಪು. ಬೈದುಕೋ.

ನಿನ್ನನ್ನು ಅಮ್ಮ ಅನ್ನುತ್ತಾಳೆ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಇಲ್ಲೇ ಇರಲಿ ಎಂದು ಬರೆದೆಯಲ್ಲ, ಅದು ಆಗುವುದಿಲ್ಲ.

ಮೊದಲು ಗೇಟಿನ ಬೀಗ ತೆಗೆ. ಕೈ ಕೂಡಿಕೊಂಡ ಮೇಲೆ ಮಗು ಓಡಾಡಲಿ. ಏರಿ ಬೇಡವೆಂದರೆ ತೋಟದ ಮರಳುಗುಡ್ಡೆ ತೋರಿಸು, ನೀನು ಪಕ್ಕದಲ್ಲಿ ನಿಲ್ಲು. ಹೆದರಿಕೊಂಡು ಮಗುವನ್ನು ಒಳಗೆ ಹಾಕಿ ಬೀಗ ಜಡಿಯುವುದು ಸಾಕುವುದಲ್ಲ.

ಇಷ್ಟು ಬರೆದು ತಲೆಯೆತ್ತಿದೆ ಅಕ್ಕ. ಕೋಡಿ ಬಾಗಿಲ ಗಾಜಿಗೆ ಹಣೆ ಹಚ್ಚಿ ಮೆಟ್ಟಿಲು ನೋಡುತ್ತಾ ಕುಳಿತಿದ್ದ. ಬೆಟ್ಟಕ್ಕೆ ಕರೆದುಕೊಂಡು ಹೋಗು ಎಂದು ಜನವರಿಯಿಂದ ಕೇಳುತ್ತಿದ್ದಾನೆ. ಬೆಟ್ಟದಲ್ಲಿ ಇಂಥವರಿಗೇ ಕುರ್ಚಿ ಕೂರಿಸಿದ ಜಾರುಪಟ್ಟಿ ಇದೆಯಂತೆ, ಹಿಂದೆ ತರಬೇತಾದವನೊಬ್ಬ ಹಗ್ಗ ಹಿಡಿದು ಬರುತ್ತಾನಂತೆ. ಡಾಕ್ಟರು ಆಗಬಹುದು ಎಂದಿದ್ದಾರೆ. ಅವನು ಪ್ರಾಯಕ್ಕೆ ಬಂದವನು, ತಾಯಿಯ ರುಜು ಬೇಡ. ಬೇಕಾದದ್ದು ಮೆಟ್ಟಿಲು ಇಳಿಸುವವರು. ಅಷ್ಟು ದಿನವೂ ನಾನು "ಆಗಲ್ಲಪ್ಪ, ನನ್ನ ಮಗಳು ಬರಬೇಕು, ಈ ಮನೆ ಬಿಟ್ಟರೆ ನನಗೆ ಗತಿಯಿಲ್ಲ" ಎಂದು ಹೇಳಿಕೊಂಡು ಬಂದೆ. ಅವನು ಪ್ರತಿ ಸಲವೂ "ಪರವಾಗಿಲ್ಲ" ಅನ್ನುತ್ತಾನೆ.

ಅವನ ಬಾಗಿಲಿನ ಬೀಗ ನಾನೇ ಆಗಿದ್ದೇನೆ. ನಿನಗೆ ಬುದ್ಧಿ ಹೇಳಲು ಹೊರಟೆ, ನೋಡು.

ಲಿಂಡಾಗೆ ಕದ್ದು ಮಾಡುವುದಿಲ್ಲ, ಎದುರು ನಿಂತು ಹೇಳುತ್ತೇನೆ. ಏನಾಗುತ್ತದೋ ಆಗಲಿ.

ಧನು

*

ಕೆನಡಾ
21-3-2005

ಅಕ್ಕಾ,

ವಿಳಾಸ ಬದಲಾಗಿದೆ, ಕವರಿನ ಹಿಂಬದಿಯಲ್ಲಿ ಬರೆದಿದ್ದೇನೆ. ಇದು ಫಿಲಿಪ್ಪೀನ್ಸಿನ ಗೆಳತಿಯೊಬ್ಬಳ ಕೋಣೆ. ಮೇಲ್ಚಾವಣಿ ಎಷ್ಟು ತಗ್ಗು ಎಂದರೆ ತಲೆ ಬಾಚಲು ಕೂರಬೇಕು.

ನಾನು ಹೇಳಿದಾಗ ಲಿಂಡಾ ತಟ್ಟೆ ತೊಳೆಯುತ್ತಿದ್ದಳು. ಕೊಳಾಯಿ ನಿಲ್ಲಿಸಿ, "ನೀನು ನರ್ಸು. ತಾಯಿ ನಾನು" ಎಂದಳು. "ಹೌದು" ಎಂದೆ. "ಅವನನ್ನು ಆ ಮೆಟ್ಟಿಲು ಇಳಿಸಿದರೆ ನೀನು ಮತ್ತೆ ಹತ್ತಬೇಡ" ಎಂದಳು. ಕೋಡಿ ಹಜಾರದಲ್ಲಿ ಕೇಳಿಸಿಕೊಳ್ಳುತ್ತಿದ್ದ. "ಬೇಡ ಬಿಡು ಧನಾ, ಬೇಲ್ ಮಾಡು" ಎಂದ. ನನಗಾಗಿ ಹೇಳಿದ ಆ ಮಾತೇ ನನ್ನನ್ನು ಗಟ್ಟಿ ಮಾಡಿತು.

ಶನಿವಾರ ಬೆಳಿಗ್ಗೆ ಅವನ ಇಬ್ಬರು ಸ್ನೇಹಿತರು ಬಂದರು. ಕುರ್ಚಿಯನ್ನು ಇಬ್ಬರೂ ಎತ್ತಿದರು, ನಾನು ಮುಂದೆ ಹಿಮ್ಮುಖವಾಗಿ ಇಳಿಯುತ್ತಾ ಅವನ ಮಂಡಿ ಹಿಡಿದಿದ್ದೆ. ಲಿಂಡಾ ಕಿಟಕಿಯಲ್ಲಿದ್ದಳು.

ಬೆಟ್ಟದಲ್ಲಿ ಅವನನ್ನು ಪಟ್ಟಿಗಳಿಂದ ಬಿಗಿದು ಕೂರಿಸಿದರು. ಮೊದಲ ಸಲ ಸಣ್ಣ ಇಳಿಜಾರಿನಲ್ಲಿ ನಿಧಾನವಾಗಿ ಬಂದ. ಎರಡನೇ ಸಲ ಇನ್ನೂ ಮೇಲಿಂದ. ಆಮೇಲೆ ಪಾರ್ಕಿನ ಅಂಚಿಗೆ ಕರೆದೊಯ್ಯಿ ಎಂದ. ತಾನು ಬಿದ್ದ ದಿಬ್ಬದ ಎದುರು ನಿಂತು ನೋಡಿದ. ಹುಡುಗರು ಒಬ್ಬೊಬ್ಬರಾಗಿ ಹಾರುತ್ತಿದ್ದರು. ಪ್ರತಿಯೊಬ್ಬನಿಗೂ ಇವನು ಒಂದೊಂದು ಮಾತು ಕೂಗಿದ, ಅವರೂ ತಿರುಗಿ ಕೂಗಿದರು. ಮನೆಯಲ್ಲಿ ಪಿಸುಗುಟ್ಟುತ್ತಿದ್ದ ಭಾಷೆಯನ್ನು ಅವನು ಗಂಟಲು ಬಿಚ್ಚಿ ಆಡಿದ್ದನ್ನು ಅಲ್ಲೇ ಮೊದಲು ಕೇಳಿದ್ದು. ನನಗೆ ಯೋಗಿತಾ ಮೇಕೆ ಓಡಿಸಿದ್ದು ನೆನಪಾಯಿತು.

ಮೂರನೇ ಸಲ ಇಳಿಯುವಾಗ ತಿರುವಿನಲ್ಲಿ ವಾಲಿ ಪಕ್ಕಕ್ಕೆ ಬಿದ್ದ. ಕನ್ನಡಕ ಹಾರಿತು, ಕೈಗವಸು ಎಲ್ಲೋ ಹೋಯಿತು. ನಾನು ಓಡಿದೆ. ನನಗಿಂತ ಮುಂದೆ ಇನ್ನೊಬ್ಬಳು ಓಡುತ್ತಿದ್ದಳು. ಲಿಂಡಾ! ಯಾವಾಗ ಬಂದು ಇಳಿಜಾರಿನ ಅಂಚಿಗೆ ಕಟ್ಟಿದ ಬಲೆಯ ಹಿಂದೆ ನಿಂತಿದ್ದಳೋ. ಆಫೀಸಿಗೆ ಹಾಕುವ ಚಪ್ಪಟೆ ಶೂಗಳಲ್ಲಿ ಹಿಮದಲ್ಲಿ ಮಂಡಿವರೆಗೆ ಹೂತುಹೋಗುತ್ತಾ, ಏಳುತ್ತಾ ಬಂದಳು. ಕೋಡಿ ಮುಖದ ತುಂಬ ಹಿಮ ಹತ್ತಿಸಿಕೊಂಡು ಏನೋ ಕೂಗುತ್ತಿದ್ದ. ಲಿಂಡಾ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಏನಂತಾನೆ? ಏನಂತಾನೆ ಅವನು?"

ಅವಳ ಮಗ, ಅವಳ ದೇಶದ ಭಾಷೆ. ಹೇಳಬೇಕಾದವಳು ಹೊನ್ನವಳ್ಳಿಯ ನಾನು. "ಸಾಮಾನೆಲ್ಲ ಚೆಲ್ಲಾಪಿಲ್ಲಿ ಆಯ್ತು, ನನಗೇನೂ ಆಗಿಲ್ಲ, ಬಲು ಚೆನ್ನಾಗಿತ್ತು, ಇನ್ನೆರಡು ಸಲ ಹೋಗಬೇಕು ಅಂತಿದ್ದಾನೆ" ಎಂದೆ. ಅವಳು ಅಲ್ಲೇ ಹಿಮದಲ್ಲಿ ಕುಳಿತು ಅವನ ಮುಖ ಒರೆಸತೊಡಗಿದಳು. ಅತ್ತಳೋ ನಕ್ಕಳೋ ಹೇಳಲಾರೆ.

ಸಂಜೆ ಮೆಟ್ಟಿಲ ಬುಡದಲ್ಲಿ ನನ್ನ ಸೂಟ್‌ಕೇಸು ಇತ್ತು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ನಾನು ಹತ್ತಲಿಲ್ಲ.

ಎರಡು ವರ್ಷ ಅಂದದ್ದು ಈಗ ಎಷ್ಟಾಗುತ್ತದೋ ಗೊತ್ತಿಲ್ಲ. ಯೋಗಿತಾಳಿಗೆ ಹೇಳಬೇಡ.

ಧನು

*

ಹೊನ್ನವಳ್ಳಿ
12-4-2005

ಧನು,

ನಡೆದದ್ದು ನಡೆದುಹೋಯಿತು. ಎದೆಗುಂದಬೇಡ. ಬೇರೆ ಮನೆ ಹುಡುಕು. ಅಷ್ಟು ದೂರ ಹೋದವಳು ಬರಿಗೈಲಿ ಬಂದರೆ ಊರಿನವರು ಏನಾದರೂ ಅನ್ನುತ್ತಾರೆ. ಎರಡಲ್ಲ, ನಾಲ್ಕು ವರ್ಷವಾದರೂ ಆಗಲಿ, ಇಲ್ಲಿ ಮಗುವಿಗೆ ಏನೂ ಕೊರತೆಯಿಲ್ಲ. ಪ್ಲಾಸ್ಟರ್ ಬಿಚ್ಚಿದರು, ಕೈ ನೆಟ್ಟಗಿದೆ. ಬೇಸಿಗೆ ರಜೆ ಶುರುವಾಗುತ್ತಲೇ ಸಂಪಿಗೆ ಊರಿನ ಗುಡಿಗೆ ಕರೆದುಕೊಂಡು ಹೋಗಿ ದೇವರಿಗೆ ಪೂಜೆ ಮಾಡಿಸಿದೆವು. ಅವಳಿಗೆ ಹೊಸ ಚಪ್ಪಲಿ ಕೊಡಿಸಿದೆ.

ಗೇಟಿನ ಬೀಗ ತೆಗೆದಿದ್ದೇನೆ. ನೀನು ಹೇಳಿದೆ ಅಂತಲ್ಲ. ಅವಳು ಗೇಟಿನ ಕಂಬಿ ಹಿಡಿದು ನಿಂತುಕೊಂಡು ಆಚೆ ಆಡುವವರಿಗೆ ಇಲ್ಲಿಂದಲೇ ಕೂಗಿ ಹೇಳಿಕೊಡುತ್ತಿದ್ದಳು. ನೋಡಲಾಗಲಿಲ್ಲ.

ನೀನು ಅವಸರ ಮಾಡಬೇಡ. ಅಲ್ಲೇ ಇರು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಸರ್ವಮಂಗಳ

*

ಕೆನಡಾ
3-5-2005

ಅಕ್ಕಾ,

ಲಿಂಡಾ ಬಂದಿದ್ದಳು. ಈ ತಗ್ಗು ಕೋಣೆಯಲ್ಲಿ ತಲೆ ತಗ್ಗಿಸಿ ನಿಂತು, "ಪರ್ಮಿಟ್ಟು ಇನ್ನೂ ನನ್ನ ಮನೆಗೇ ಇದೆ, ಬಾ" ಎಂದಳು. ಮೆಟ್ಟಿಲ ಪಕ್ಕ ಹಲಗೆಯ ಇಳಿಜಾರು ಕಟ್ಟಿಸುತ್ತಿದ್ದಾಳಂತೆ. ಹೋಗಿ ನೋಡಿದೆ. ಬಡಗಿಗಳು ಮೊಳೆ ಹೊಡೆಯುತ್ತಿದ್ದರು, ಕೋಡಿ ಬಾಗಿಲಲ್ಲಿ ಕುಳಿತು ಅವರಿಗೆ ಹಾಗಲ್ಲ ಹೀಗೆ ಅನ್ನುತ್ತಿದ್ದ.

ನೀನೂ ಇರು ಅನ್ನುತ್ತೀಯ, ಅವಳೂ ಇರು ಅನ್ನುತ್ತಾಳೆ. ಇದ್ದುಬಿಡಬಹುದು. ಇದ್ದರೆ ಎರಡು ವರ್ಷ, ಆಮೇಲೆ ಅರ್ಜಿ ಅಂತ, ಯೋಗಿತಾ ಹನ್ನೆರಡು ತುಂಬುವ ಹೊತ್ತಿಗೆ ಬಂದಾಳು, ಗುರುತು ಸಿಗದ ಒಬ್ಬ ಹೆಂಗಸಿನ ಮನೆಗೆ.

ನಾನು ಬೇಲ್ ಮಾಡುತ್ತಿದ್ದೇನೆ ಅಕ್ಕ. ಕೆಳಗೆ ಎಷ್ಟು ಜನ ನಿಂತು ನೋಡುತ್ತಿದ್ದರೂ ನೋಡಲಿ. ತಿಪಟೂರಿನ ಹಳೆಯ ಆಸ್ಪತ್ರೆಗೆ ಬರೆದಿದ್ದೆ, ಬಾ ಎಂದಿದ್ದಾರೆ. ಜೂನ್ ಮೊದಲ ವಾರ ಬರುತ್ತೇನೆ. ನಿಮ್ಮ ಮನೆಯಲ್ಲಿ ನಿಲ್ಲುವುದಿಲ್ಲ. ಆಸ್ಪತ್ರೆ ಹತ್ತಿರ ಒಂದು ಮನೆ ಹಿಡಿದು ಮಗಳನ್ನು ಕರೆದುಕೊಂಡು ಹೋಗುತ್ತೇನೆ. ನಿನಗೆ ಇದನ್ನು ಹೇಗೆ ಬರೆಯಬೇಕೆಂದು ಗೊತ್ತಾಗದೆ ಬರೆದಿದ್ದೇನೆ.

ಕೋಡಿಗೂ ಹೇಳಿದೆ. "ಇನ್ಮೇಲೆ ಅಮ್ಮನಿಗೆ ಯಾರು ಹೇಳ್ತಾರೆ, ನಾನು ಅಂದದ್ದನ್ನ?" ಎಂದ. "ನೀನೇ ಹೇಳು, ನಿಧಾನವಾಗಿ. ನನಗೆ ಹೇಳಿಕೊಟ್ಟ ಹಾಗೆ" ಎಂದೆ.

ಬತ್ತೀನಿ.
ಧನು

*

ಹೊನ್ನವಳ್ಳಿ
26-6-2005

ಧನು,

ನೀನು ಮನೆ ಹಿಡಿದಿರುವ ತಿಪಟೂರಿಗೆ ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೂ ಬರೆದು ನಿಮ್ಮ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಎದುರು ನಿಂತರೆ ನನಗೆ ಬೈಗುಳ ಬರುತ್ತದೆ, ಇಲ್ಲವೇ ಅಳು ಬರುತ್ತದೆ. ಎರಡೂ ಬೇಡ.

ನೀನು ಬಂದ ದಿನ ಯೋಗಿತಾ ನನ್ನ ಸೀರೆಯ ಹಿಂದೆ ಅವಿತುಕೊಂಡಳು. ನಾನು ಅವಳನ್ನು ಮುಂದೆ ತಳ್ಳಬೇಕಿತ್ತು. ನಿನ್ನ ಮುಖ ನೋಡಿದೆ, ಆದರೂ ಕೈ ಬರಲಿಲ್ಲ. ಮೂರು ದಿನ ಹಾಗೇ ಇದ್ದಳು. ನಾಲ್ಕನೇ ದಿನ ನೋಡುತ್ತೇನೆ, ಜಗಲಿಯಲ್ಲಿ ನಿಮ್ಮಿಬ್ಬರಿಗೂ ಜಗಳ. ನೀನು ಒಂದು ಮಾತು ಅಂದರೆ ಅವಳು "ಅಂಗಲ್ಲ ಕಣಮ್ಮ, ಅದು ಸ್ಟಾಂಪ್ ಅಲ್ಲ" ಅನ್ನುತ್ತಾಳೆ, ನೀನು ಹೌದು ಅನ್ನುತ್ತೀಯ, ಇಬ್ಬರೂ ನಗುತ್ತೀರಿ. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನಗೆ ಅರ್ಥವಾಗುವ ಹಾಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಲ್ಲೇ ಇರು ಎಂದು ಬರೆದೆನಲ್ಲ, ಅದು ನಿನ್ನ ಒಳ್ಳೆಯದಕ್ಕಲ್ಲ. ನಿನಗೂ ಗೊತ್ತಿತ್ತು ಅಂತ ಕಾಣುತ್ತದೆ.

ಅವಳ ಬಟ್ಟೆ, ಪುಸ್ತಕ ಎಲ್ಲ ಕಟ್ಟಿದ್ದೇನೆ. ನಾಳೆ ಬೆಳಿಗ್ಗೆ ಭಾವ ಅವಳನ್ನು ಕರೆದುಕೊಂಡು ಬರುತ್ತಾರೆ. ತಲೆಗೆ ವಾರಕ್ಕೆರಡು ಸಲ ಎಣ್ಣೆ ಹಾಕು, ನಿನಗೆ ಮರೆಯುತ್ತದೆ. ಮೊಸರಿಲ್ಲದೆ ಅವಳು ಉಣ್ಣುವುದಿಲ್ಲ. ನಿದ್ದೆಯಲ್ಲಿ ಕಾಲು ಹಾಕಿದರೆ ತೆಗೆಯಬೇಡ.

ಮೊನ್ನೆ ಅವಳೇ ಕೇಳಿದಳು: "ಇನ್ಮೇಲೆ ನಿನ್ನ ಏನಂತ ಕೂಗ್ಲಿ?" ನಾನು, "ದೊಡ್ಡಮ್ಮ ಅಂತ್ಲೇ ಕೂಗವ್ವ. ನಾನು ದೊಡ್ಡಮ್ಮನೇ ಕಣೇ" ಅಂದೆ. ಸರಿ ಅಂದಳು. ಆಡಲು ಓಡಿಹೋದಳು. ಇಷ್ಟು ಸುಲಭವಾಗಿ ಸರಿ ಅನ್ನುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ.

ಸೋಮವಾರದಿಂದ ಶನಿವಾರ ಅವಳು ನಿನ್ನ ಹತ್ತಿರ ಇರಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹತ್ತಿಸು, ನಾನು ಸ್ಟಾಪಿನಲ್ಲಿ ನಿಂತಿರುತ್ತೇನೆ. ಭಾನುವಾರ ನನ್ನದು. ಹಬ್ಬ ಬಂದರೂ, ಜ್ವರ ಬಂದರೂ, ನೀನೇ ಬಂದರೂ, ಭಾನುವಾರ ನನ್ನದು. ಇದು ಕೇಳುತ್ತಿರುವುದಲ್ಲ ಧನು, ಹೇಳುತ್ತಿರುವುದು.

ನಿನ್ನ ಅಕ್ಕ
ಸರ್ವಮಂಗಳ